ಪ್ಲಾಸ್ಟಿಕ್ ಬಿಟ್ಟು ಪೇಪರ್ ಪೌಚಿನಲ್ಲಿ ಮನೆತಿಂಡಿ ಮಾರಬಹುದಾ?

‘ಚಟ್ನಿ ಪುಡಿ ಮಾರೋಕೆ ಪ್ಲಾಸ್ಟಿಕ್ ಬೇಡ ಅನಿಸುತ್ತೆ, ಆದರೆ ತಿಂದವರಿಗೆ ಏನಾದರೂ ಆದರೆ? ಪರಿಸರಕ್ಕೆ ಎಷ್ಟು, ಸುರಕ್ಷತೆಗೆ ಎಷ್ಟು ಬೆಲೆ ಕೊಡಬೇಕು?’ ಅಂತ ಕೇಳಿದ್ದೀರಿ. ಓದಿ ನಗು ಬಂತು. ಇದು ನನಗೂ ಬಂದಿದ್ದ ಪ್ರಶ್ನೆ. ನಾನು ಯಾರನ್ನೂ ಕೇಳಲಿಲ್ಲ, ಅಷ್ಟೇ.

ನಾನು ಧಾರವಾಡದವಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಕುಟ್ಟಿ ಮಾರುತ್ತೇನೆ. 2022ರ ಜುಲೈ 1ರಂದು ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಮೇಲೆ ದೇಶದಲ್ಲಿ ನಿಷೇಧ ಬಂತಲ್ಲ, ಅದು ಸ್ಟ್ರಾ, ತಟ್ಟೆ, ಲೋಟ, ಚಮಚೆ ಅಂಥವಕ್ಕೆ. ತಿಂಡಿಯ ಪೌಚಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಆದರೂ ನನಗೆ ಹುಮ್ಮಸ್ಸು. ಕಂದು ಬಣ್ಣದ ಕಾಗದದ ಪೌಚ್ ತರಿಸಿದೆ. ಒಳಗೆ ತೆಳ್ಳಗೆ ಒಂದು ಪದರ, ಮೆಕ್ಕೆಜೋಳದಿಂದ ಮಾಡಿದ್ದಂತೆ, ಮಣ್ಣಲ್ಲಿ ಕರಗುತ್ತಂತೆ. ನೋಡೋಕೆ ಎಷ್ಟು ಚೆಂದ ಅಂದರೆ, ಚಟ್ನಿಗಿಂತ ಪೌಚಿನ ಫೋಟೊನೇ ಜಾಸ್ತಿ ಹಾಕಿದೆ.

ಪರೀಕ್ಷೆ ಮಾಡದೆ ಕಳಿಸಿದೆ ಅಂದುಕೊಳ್ಳಬೇಡಿ. ಮಾಡಿದ್ದೆ. ಅದೇ ನನ್ನ ತಪ್ಪು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕಂದ್ರೆ ನೀವೂ ಇದನ್ನೇ ಮಾಡುತ್ತೀರಿ. ಹತ್ತು ಪೌಚ್ ತುಂಬಿ, ಸೀಲ್ ಮಾಡಿ, ಅಡುಗೆಮನೆಯ ಮಾಡದಲ್ಲಿ ಇಟ್ಟೆ. ಮೂರು ದಿನಕ್ಕೊಂದು ಒಡೆದು ನೋಡಿದೆ. ರುಚಿ ನೋಡಿದೆ, ವಾಸನೆ ನೋಡಿದೆ, ಕಾಗದಕ್ಕೆ ಎಣ್ಣೆ ಜಿನುಗಿದೆಯಾ ನೋಡಿದೆ. ಅಟ್ಟದ ಮೇಲಿಂದ ಕೆಳಗೆ ಬೀಳಿಸಿಯೂ ನೋಡಿದೆ. ಒಂದು ತಿಂಗಳು ಚಟ್ನಿ ಉದುರುದುರಾಗಿಯೇ ಇತ್ತು. ಎಲ್ಲ ಸರಿ. ಆದರೆ ಅದು ಫೆಬ್ರುವರಿ-ಮಾರ್ಚ್. ಆಗ ಧಾರವಾಡದಲ್ಲಿ ಬೆಳಗ್ಗೆ ಹಚ್ಚಿದ ಹಪ್ಪಳ ಸಂಜೆಗೆ ಗರಿಗರಿ. ಆ ಗಾಳಿಯಲ್ಲಿ ಚಟ್ನಿಯನ್ನು ಬರೀ ಬುಟ್ಟಿಯಲ್ಲಿ ಇಟ್ಟಿದ್ದರೂ ಕೆಡುತ್ತಿರಲಿಲ್ಲ! ನಾನು ಪರೀಕ್ಷೆ ಮಾಡಿದ್ದು ಪೌಚನ್ನಲ್ಲ, ಧಾರವಾಡದ ಬೇಸಿಗೆಯನ್ನು.

ಜುಲೈನಲ್ಲಿ ಕುಂದಾಪುರದ ಒಂದು ಅಂಗಡಿಯಿಂದ ಆರ್ಡರ್ ಬಂತು. 200 ಗ್ರಾಮಿನ 140 ಪೌಚ್. ಕರಾವಳಿಯ ಆ ಮಳೆಯಲ್ಲಿ ಭರಣಿಯ ಉಪ್ಪೇ ನೀರಾಗುತ್ತೆ, ಕಡ್ಡಿಪೆಟ್ಟಿಗೆ ಹತ್ತೋದಿಲ್ಲ. ಆ ಜೋಳದ ಪದರ ಎಣ್ಣೆ ತಡೆಯುತ್ತೆ ನಿಜ, ಆದರೆ ಗಾಳಿಯ ತೇವವನ್ನು ಮಾಮೂಲಿ ಪ್ಲಾಸ್ಟಿಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ ಒಳಗೆ ಬಿಡುತ್ತೆ ಅಂತ ನನಗೆ ಆಮೇಲೆ ಗೊತ್ತಾಯಿತು. ಹದಿನೆಂಟನೇ ದಿನ ಅಂಗಡಿಯವರ ಫೋನ್. ‘ಅಕ್ಕ, ನಿಮ್ಮ ಚಟ್ನಿ ಗಟ್ಟಿ ಆಗಿದೆ, ಕಮಟು ಬರ್ತಾ ಉಂಟು.’ ವಾಪಸ್ ತರಿಸಿದೆ. ಒಂದು ಪೌಚ್ ಕತ್ತರಿಸಿದರೆ ಚಟ್ನಿ ಬೆಲ್ಲದ ಅಚ್ಚಿನ ಹಾಗೆ ಇಡಿಯಾಗಿ ಹೊರಬಂತು. ಸೀಲಿನ ಮೂಲೆಯಲ್ಲಿ ಬೂದು-ಹಸಿರು ಬೂಷ್ಟು, ಉಗುರಿನಷ್ಟು.

ಅತ್ತೆ ಅಂದರು, ‘ಅದಷ್ಟು ತೆಗೆದು ಇನ್ನೊಮ್ಮೆ ಹುರಿ.’ ಶೇಂಗಾಕ್ಕೆ ಅದು ಆಗಲ್ಲ. ಅದರ ಮೇಲೆ ಬರುವ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಹುರಿದರೆ ಅದು ಪೂರ್ತಿ ಹೋಗಲ್ಲ, ಲಿವರಿಗೆ ಕೆಟ್ಟದ್ದು. ಯಾವ ಬೂಷ್ಟಿನಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಿಗೆ ತಿಳಿಯೋದೂ ಇಲ್ಲ. ಪಕ್ಕದ ಮನೆಯವರು ಎಮ್ಮೆಗೆ ಹಾಕುತ್ತೇವೆ ಕೊಡಿ ಅಂದರು. ಅದನ್ನೂ ಕೊಡಲಿಲ್ಲ, ಆ ವಿಷ ಹಾಲಿಗೂ ಇಳಿಯುತ್ತೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತಾಗ, ಮೇವಿನಲ್ಲಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದಲೇ ಈ ವಿಷ ಜಗತ್ತಿಗೆ ಗೊತ್ತಾಗಿದ್ದು.

28 ಕೆಜಿ. ಹಿತ್ತಲ ಗುಂಡಿಗೆ ಹೋಯಿತು. ಚಳ್ಳಕೆರೆ ಕಡೆಯ ಯಾರೋ ರೈತ ಮಳೆ ಕಾದು ಬೆಳೆದ ಶೇಂಗಾ, ನಾನು ಸುಟ್ಟ ಗ್ಯಾಸು, ಘಟ್ಟ ಇಳಿದು ಹತ್ತಿದ ಲಾರಿಯ ಡೀಸೆಲ್, ಎಲ್ಲ ಅದರಲ್ಲೇ. ಉಳಿಸಿದ ಪ್ಲಾಸ್ಟಿಕ್ ಎಷ್ಟು? ಒಂದು ಕೆಜಿಯೂ ಇಲ್ಲ.

ಅದಕ್ಕೇ ನಿಮ್ಮ ‘ಎಷ್ಟು-ಎಷ್ಟು’ ಅನ್ನುವ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಸುರಕ್ಷತೆಯಲ್ಲಿ ಒಂದಿಷ್ಟು ಬಿಟ್ಟು ಪರಿಸರಕ್ಕೆ ಕೊಡೋದು ಅಂತ ಒಂದು ವ್ಯವಹಾರ ಇದೆಯಾ? ಕೆಟ್ಟ ತಿಂಡಿ ಎರಡಕ್ಕೂ ನಷ್ಟ. ನೀವು ಕಡಿಮೆ ಮಾಡಬೇಕಾದ್ದು ತಿಂಡಿ ಪೌಚಿನೊಳಗೆ ಕೂರುವ ದಿನ ಮತ್ತು ಅದು ಹೋಗುವ ದೂರ. ಆರು ತಿಂಗಳು ಬಾಳಬೇಕು ಅಂದರೆ ಅಲ್ಯುಮಿನಿಯಂ ಪದರ ಅಂಟಿಸಿದ ಪೌಚೇ ಬೇಕಾಗುತ್ತೆ. ಆ ಪದರಗಳು ಬೇರೆ ಆಗೋದಿಲ್ಲ, ಗುಜರಿಯವರೂ ಮುಟ್ಟೋದಿಲ್ಲ. ಮೂವತ್ತು ದಿನ ಸಾಕು ಅಂದರೆ ಒಂದೇ ಬಗೆಯ ಪ್ಲಾಸ್ಟಿಕ್ಕಿನ, ಸ್ವಲ್ಪ ದಪ್ಪ, ಫುಡ್ ಗ್ರೇಡ್ ಪೌಚ್ ನಡೆಯುತ್ತೆ.

ನಾನೀಗ ವಾರಕ್ಕೊಮ್ಮೆ ಕುಟ್ಟುತ್ತೇನೆ, ಆರ್ಡರ್ ಇದ್ದಷ್ಟೇ. ಊರವರು ಸ್ಟೀಲ್ ಡಬ್ಬಿ ತರುತ್ತಾರೆ. ಡಬ್ಬಿ ಒಣಗಿದೆಯಾ ಅಂತ ಬೆರಳಾಡಿಸಿ ನೋಡಿ, ಆಮೇಲೆ ತುಂಬುತ್ತೇನೆ. ಒಬ್ಬರು ಇದಕ್ಕೇ ಮುನಿಸಿಕೊಂಡು ಬರೋದು ಬಿಟ್ಟರು, ಇರಲಿ. ಹೊರ ಊರಿಗೆ ಆ ದಪ್ಪ ಪೌಚು, ಅರ್ಧ ಕೆಜಿಯದು ಮಾತ್ರ. ನೂರು ಗ್ರಾಮಿನ ಚಿಕ್ಕ ಪೌಚ್ ಐದು ಕಳಿಸಿದರೆ ಪ್ಲಾಸ್ಟಿಕ್ ಸುಮ್ನೆ ಜಾಸ್ತಿ. ಗಾಜಿನ ಬಾಟಲಿಯನ್ನೂ ನೋಡಿದೆ. ಕೊರಿಯರಿನಲ್ಲಿ ಒಡೆಯುತ್ತೆ, ಒಡೆಯದ ಹಾಗೆ ಸುತ್ತಿದರೆ ಗುಳ್ಳೆ ಪ್ಲಾಸ್ಟಿಕ್ ಗಜಗಟ್ಟಲೆ. ಇನ್ನು ದಯವಿಟ್ಟು ಹಳೇ ಪೇಪರಿನಲ್ಲಿ ಮಾತ್ರ ಕಟ್ಟಬೇಡಿ. ನಮ್ಮ ಅಜ್ಜಿ ಕಾಲದ್ದು ಅಂತ ಕೆಲವರು ಅದನ್ನೇ ಹೊಗಳುತ್ತಾರೆ. ಆ ಶಾಯಿ ಎಣ್ಣೆ ತಿಂಡಿಗೆ ಹತ್ತುತ್ತೆ, ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮದಲ್ಲೂ ಅದಕ್ಕೆ ಅವಕಾಶ ಇಲ್ಲ.

ಆ ಕರಗುವ ಪೌಚಿನ ಕಥೆ ಹೇಳಲಿಲ್ಲ ಅಲ್ವಾ? ಹತ್ತು ಖಾಲಿ ಪೌಚನ್ನೂ ಅದೇ ಗುಂಡಿಯಲ್ಲಿ ಹೂತಿದ್ದೆ. ಎಂಟು ತಿಂಗಳ ನಂತರ ಗೊಬ್ಬರ ತೆಗೆಯುವಾಗ ಕಾಗದ ಪೂರ್ತಿ ಹೋಗಿತ್ತು. ಒಳಪದರ ಹಾಗೇ ಸಲಿಕೆಗೆ ಸಿಕ್ಕಿಕೊಂಡು ಬಂತು, ಈರುಳ್ಳಿ ಸಿಪ್ಪೆ ಹಾಗೆ ತೆಳ್ಳಗೆ, ಮಿಣಿಮಿಣಿ. ಅದು ಕರಗಬೇಕಾದರೆ ಸುಮಾರು 60 ಡಿಗ್ರಿ ಬಿಸಿ ಹಿಡಿದಿಡುವ ಕಾರ್ಖಾನೆಯ ಕಾಂಪೋಸ್ಟ್ ಬೇಕು. ನನ್ನ ಹಿತ್ತಲಿಗೆ ಅಷ್ಟು ಜ್ವರ ಬರಲ್ಲ.

ಅಂದಹಾಗೆ, ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಕರಾವಳಿನೋ ಮಲೆನಾಡೋ ಆದರೆ ಯಾವ ಪೌಚ್ ತಂದರೂ ಮೊದಲು ಆಷಾಢದಲ್ಲಿ ಇಟ್ಟು ನೋಡಿ, ದಸರಾ ಆದಮೇಲೆ ಮಾರಾಟ ಶುರು ಮಾಡಿ.