ಪಿ0171 ಕೋಡ್ ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸಬೇಕಾ?

ಕುಂಬಳೆಯಲ್ಲಿ ಕೊಂಡ ಹಳೆಯ ಬಿಎಂಡಬ್ಲ್ಯೂ ಪೆಟ್ರೋಲ್ ಕಾರಿಗೆ ಸ್ಕ್ಯಾನರ್ (ದೋಷದ ಕೋಡ್ ಓದುವ ಸಾಧನ) ಹಾಕಿದರೆ ಪಿ0171 ತೋರಿಸುತ್ತಿದೆ, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಲೇ ಅಂತ ಕೇಳಿದ್ದೀರಿ. ಈಗಲೇ ಬೇಡ. ದುಬಾರಿ ಸೆನ್ಸರ್ ತರಲು ಮಂಗಳೂರಿಗೆ ಹೊರಡುವ ಮೊದಲು ಗಾಳಿ ಸೋರಿಕೆ ಹುಡುಕಿ.

ಈ ಕೋಡ್ ಯಾವ ಭಾಗ ಕೆಟ್ಟಿದೆ ಅಂತ ಹೇಳುವುದಿಲ್ಲ. ಪೆಟ್ರೋಲಿಗೆ ಹೋಲಿಸಿದರೆ ಗಾಳಿಯ ಪಾಲು ಇರಬೇಕಾದ್ದಕ್ಕಿಂತ ಜಾಸ್ತಿಯಾಗಿದೆ ಅಂತಷ್ಟೇ ಹೇಳುತ್ತದೆ. ಒಳಹೋಗುವ ಗಾಳಿಯನ್ನು ಏರ್ ಫಿಲ್ಟರ್ ಪಕ್ಕದ ಸೆನ್ಸರ್ ಅಳೆಯುತ್ತದೆ. ಅದರ ಆಚೆಗಿನ ರಬ್ಬರ್ ಪೈಪ್ ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ನುಗ್ಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಸರಿಯಾಗಿಯೇ ಹಿಡಿದಿರುತ್ತದೆ. ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಟ್ಟು ಸರಿದೂಗಿಸುತ್ತದೆ, ಮಿತಿ ಮೀರಿದಾಗ ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಉರಿಸುತ್ತದೆ.

ಸ್ಕ್ಯಾನರ್‌ನಲ್ಲಿ 'ಫ್ಯೂಯಲ್ ಟ್ರಿಮ್' ನೋಡಿ. ಹೀಗೆ ಸೇರಿಸಿದ ಪೆಟ್ರೋಲಿನ ಶೇಕಡಾ ಲೆಕ್ಕ ಅದು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) +20ರ ಹತ್ತಿರ ಇದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಹೆಚ್ಚಾಗಿ ಸೋರಿಕೆಯೇ. ಇಳಿಯುವ ಬದಲು ಏರಿದರೆ ಫ್ಯೂಯಲ್ ಪಂಪ್, ಫಿಲ್ಟರ್ ಅಥವಾ ಗಾಳಿ ಅಳೆಯುವ ಸೆನ್ಸರ್ ನೋಡಿಸಿ.

ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಪೈಪಿನ ಮಡಿಕೆಗಳನ್ನು ಮೆಲ್ಲಗೆ ಬಿಡಿಸಿ ನೋಡಿ. ಸುಮ್ನೆ ಮೇಲಿಂದ ನೋಡಿದರೆ ಸೀಳು ಕಾಣುವುದಿಲ್ಲ. ಅದು ಬಹಳ ಸಲ ಅಡಿಭಾಗದಲ್ಲೇ ಇರುತ್ತದೆ.