ಕೆ.ಸಿ. ವ್ಯಾಲಿ ಕೆರೆ ಪಕ್ಕ 3 ಎಕರೆ ತಗೊಂಡರೆ ಲಾಭವಾ?

ಕೋಲಾರ ತಾಲೂಕಿನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು, ಅಂದರೆ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು, ತುಂಬುವ ಕೆರೆ ಹತ್ತಿರ ಜಮೀನು ನೋಡಿದ್ದೀರಿ. ನೀರು ಪುಕ್ಕಟೆ, ಗೊಬ್ಬರದ ಖರ್ಚೂ ಉಳಿಯುತ್ತದೆ ಅಂತ ಬ್ರೋಕರ್ ಹೇಳಿದ್ದಾರೆ, ನಿಜವಾ ಅಂತ ಕೇಳಿದ್ದೀರಿ. ನಾನು ಅಂಥದೇ ಒಂದು ಕೆರೆಯ ಕೆಳಗೆ ಟೊಮೆಟೊ, ಚೆಂಡುಹೂವು ಬೆಳೆಯುತ್ತೇನೆ. ಲಾಭ ಇದೆ, ಆದರೆ ಅವರು ಹೇಳಿದ ಕಡೆಯಿಂದಲ್ಲ.

ಗೊಬ್ಬರದ ಲೆಕ್ಕ ಮೊದಲು ಮುಗಿಸೋಣ. ಲೀಟರ್ ನೀರಿನಲ್ಲಿ 10 ಮಿಲಿಗ್ರಾಂ ಸಾರಜನಕ ಇದೆ ಅಂದುಕೊಳ್ಳಿ. ಎಕರೆಗೆ 24 ಲಕ್ಷ ಲೀಟರ್ ಹಾಯಿಸಿದರೆ 24 ಕೆಜಿ ಸಾರಜನಕ. ಅಂದರೆ ಒಂದು ಮೂಟೆ ಯೂರಿಯಾಕ್ಕಿಂತ ಚೂರು ಜಾಸ್ತಿ. ಮೂಟೆಗೆ 300 ರೂಪಾಯಿಯೂ ಇಲ್ಲ, ಇದಕ್ಕೆ ಯಾರಾದರೂ ಜಮೀನು ಕೊಳ್ಳುತ್ತಾರಾ? ಮೇಲಾಗಿ ಕೆರೆಗೆ ಮೋಟಾರ್ ಇಟ್ಟು ನೀರು ಎತ್ತುವಂತಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಇಲ್ಲಿಗೆ ತರುವುದು ಅಂತರ್ಜಲ ಏರಲಿ ಅಂತ. ದಿನಕ್ಕೆ 44 ಕೋಟಿ ಲೀಟರ್ ತರುವ ಯೋಜನೆ ಅದು.

ದುಡ್ಡು ಉಳಿಯುವುದು ಬೋರಿನಲ್ಲಿ. 2016ರಲ್ಲಿ ನಾನು ಎರಡು ಬೋರು ಕೊರೆಸಿದೆ. ಒಂದು 1,350 ಅಡಿಗೆ ಹೋದರೂ ಬರೀ ಧೂಳು. ಇನ್ನೊಂದರಲ್ಲಿ ಒಂದೂವರೆ ಇಂಚು ನೀರು ಬಂತು, 14 ತಿಂಗಳಿಗೆ ನಿಂತುಹೋಯಿತು. ಕೇಸಿಂಗ್, ಪೈಪು, ಮೋಟಾರ್ ಎಲ್ಲಾ ಸೇರಿ ಏಳು ಲಕ್ಷದ ಹತ್ತಿರ, ಅದೂ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತಂದದ್ದು. ಮೂರು ವರ್ಷಕ್ಕೆ ಹಂಚಿದರೂ ಸಸಿ ನೆಡುವ ಮೊದಲೇ ವರ್ಷಕ್ಕೆ ಎರಡು ಲಕ್ಷದ ಮೇಲೆ ಹೊರೆ. ನಮ್ಮ ಕೆರೆ ತುಂಬಿದ ಮೇಲೆ, ಬಾಯಿಗೆ ಕಲ್ಲು ಮುಚ್ಚಿ ಬಿಟ್ಟಿದ್ದ 450 ಅಡಿಯ ಹಳೇ ಬೋರಿಗೆ ಮತ್ತೆ ನೀರು ಬಂತು. ಫ್ಲಶಿಂಗ್ (ಬೋರಿನ ಹೂಳು ತೆಗೆಸುವುದು), ಮೋಟಾರ್ ಸೇರಿ 60 ಸಾವಿರದಲ್ಲಿ ಕೆಲಸ ಮುಗಿಯಿತು.

ಕರೆಂಟ್ ಉಳಿತಾಯ ನಮಗಿಲ್ಲ. 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಹೇಗೂ ಉಚಿತ ಅಲ್ವಾ. ಸಾವಿರ ಅಡಿಯಿಂದ ಎತ್ತುವುದಕ್ಕೂ 300 ಅಡಿಯಿಂದ ಎತ್ತುವುದಕ್ಕೂ ಕರೆಂಟ್ ಮೂರು ಪಟ್ಟು ವ್ಯತ್ಯಾಸ. ಅದು ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ. ಬೆಂಗಳೂರಿನಿಂದ ಪಂಪ್ ಮಾಡುವ ಖರ್ಚೂ ಅವರದೇ ಅನ್ನಿ.

ಇನ್ನೊಂದು ಮಗ್ಗುಲೂ ಇದೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈನಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತ್ತು, ಆಮೇಲೆ ಮತ್ತೆ ಶುರುವಾಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಲ್ಲಿಯವರು ಕೇಳುತ್ತಲೇ ಇದ್ದಾರೆ, ಅದು ನ್ಯಾಯವಾದ ಮಾತೇ. ನಮ್ಮ ಬೋರಿನ ನೀರನ್ನು ಮನೆಯಲ್ಲಿ ಕುಡಿಯುವುದಿಲ್ಲ, ಕ್ಯಾನ್ ತರುತ್ತೇವೆ. ಕೊತ್ತಂಬರಿ, ಪಾಲಕ್ ನಾನು ಬೆಳೆಯುವುದಿಲ್ಲ. ಹಸಿಯಾಗಿ ತಿನ್ನುವವರಿಗೆ ಯಾಕೆ ಆ ಅನುಮಾನ. ಹೂವು, ಹಿಪ್ಪುನೇರಳೆ, ಮೇವಿಗೆ ಆ ಚಿಂತೆ ಕಡಿಮೆ. ನೀವೂ ತಗೊಳ್ಳುವ ಮೊದಲು ಬೋರಿನ ನೀರಿನಲ್ಲಿ ಉಪ್ಪು, ನೈಟ್ರೇಟ್ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿ.

ಒಂದರ ಕೆಳಗೊಂದು ಇರುವ ಕೆರೆಗಳ ಸಾಲಿನಲ್ಲಿ ಆ ಕೆರೆ ಎಷ್ಟನೆಯದು ಅಂತಲೂ ಕೇಳಿ. ಮೇಲಿನದು ಕೋಡಿ ಹರಿದ ಮೇಲೆ ಕೆಳಗಿನದಕ್ಕೆ ನೀರು. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಬೇಸಿಗೆಯಲ್ಲೂ ಅಲ್ಲಿ ನೀರಿದೆಯಾ ಅಂತ ಗೊತ್ತಾಗುತ್ತದೆ. ಇನ್ನು ರೇಟು. ಬ್ರೋಕರ್ ಹೇಳಿದ ಬೆಲೆಯಲ್ಲಿ ನೀರಿನ ಬೆಲೆ ಆಗಲೇ ಸೇರಿರುತ್ತದೆ. ನೀರು ಬಾರದ ಪಕ್ಕದ ಊರಿನ ರೇಟು ವಿಚಾರಿಸಿ. 3 ಎಕರೆಗೆ ಆಗುವ ವ್ಯತ್ಯಾಸ ಎರಡು ಬೋರಿನ ಖರ್ಚು ದಾಟಿದರೆ ನಾನಂತೂ ತಗೊಳ್ಳುವುದಿಲ್ಲ.