ಕೂರೋ ತನಕ ಕೈ ಬಿಡಬೇಡಿ: ಸೈಟ್ ಕೆಲ್ಸದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ನಾಲ್ಕು ಹೆಚ್ಚುಕಡಿಮೆ ಒಂದೇ ವಿಷ್ಯದ್ದು. ಗೋಡೆ ಕಟ್ಟೋದಲ್ಲ, ಪ್ಲಾಸ್ಟರ್ ಅಲ್ಲ. ರೆಡಿ ಆಗಿ ಬಂದಿರೋ ಸಾಮಾನು, ಅಂದ್ರೆ ಬಾಗಿಲ ಚೌಕಟ್ಟು, ಕಿಟಕಿ, ಲಿಂಟಲ್ (ಬಾಗಿಲು ಕಿಟಕಿ ಮೇಲೆ ಗೋಡೆ ಭಾರ ಹೊರೋ ಅಡ್ಡ ತೊಲೆ), ಶೀಟು, ಇವನ್ನ ಎತ್ತಿ ಜಾಗದಲ್ಲಿ ಕೂರ್ಸೋ ಕೆಲ್ಸ. ಅದಕ್ಕೆ ನಾಲ್ಕನ್ನೂ ಒಟ್ಟಿಗೆ ತಗೊಂಡಿದೀನಿ.

ಪ್ರಶ್ನೆ: ಸರ್ ನಮಸ್ಕಾರ್ರೀ. ನನಗ 21 ವಯಸ್ಸು. ಪಿಯುಸಿ ಆದಮ್ಯಾಲೆ ಎಂಟ್ ತಿಂಗ್ಳಿಂದ ನಮ್ಮ ಕಾಕಾನ ಜೋಡಿ ಗೌಂಡಿ ಕೆಲ್ಸಕ್ಕ ಹೊಂಟೀನಿ. ಇಟ್ಟಂಗಿ ಹೊರೋದು, ಮಾಲ್ ಕಲಸೋದು ಬರ್ತೈತಿ. ಈಗ ಕಾಕಾ ಚೌಕಟ್ಟು ಕೂಡ್ರಸೋದು, ಲಿಂಟಲ್ ಎತ್ತಿ ಇಡೋದು ಕಲಿ ಅಂತಾನ, ಆದ್ರ ಯಾರೂ ಕುಂದ್ರಿಸಿ ಹೇಳಿಕೊಡಂಗಿಲ್ಲ, ನೋಡಿ ಕಲಿ ಅಂತಾರ ಅಷ್ಟ. ಹೋದ ತಿಂಗ್ಳ ಒಂದ್ ಚೌಕಟ್ಟು ನನ್ನ ಮ್ಯಾಲೆ ವಾಲಿ ಬಂತು, ಸ್ವಲ್ಪದಾಗ ಉಳದೆ. ಅವತ್ತಿಂದ ಅಂಜಿಕಿ ಐತಿ. ಎಲ್ಲಿಂದ ಶುರು ಮಾಡ್ಲಿ? (ರಾಣೆಬೆನ್ನೂರಿನ ಓದುಗ)

ಉತ್ತರ: ತಮ್ಮಾ, ಆ ಅಂಜಿಕೆ ಇರ್ಲಿ, ಅದನ್ನ ಓಡಿಸೋಕೆ ಹೋಗಬೇಡ. ನಾನು ಹೆಲ್ಪರ್ ಆಗಿದ್ದಾಗ ಹೀಗೇ ಒಂದು ಚೌಕಟ್ಟು ನಿಲ್ಸಿದ್ವಿ, ಒಂದೇ ಒಂದು ಗಳ ಸಪೋರ್ಟ್ ಕೊಟ್ಟು ಎಲ್ರೂ ಊಟಕ್ಕೆ ಹೋದ್ವಿ, ಗಾಳಿ ಬೀಸ್ತು, ವಾಪಸ್ ಬಂದು ನಾನು ಪಕ್ಕದಲ್ಲಿ ಚಪ್ಪಲಿ ಬಿಡ್ತಾ ಇದ್ದೆ, ಅದು ಬಂದು ಕಾಲ್ಮೇಲೆ ಬಿತ್ತು. ಪಾದದ ಎರಡು ಮೂಳೆ ಹೋಯ್ತು. ಮೂರು ತಿಂಗಳು ಮನೇಲಿ ಕೂತು ಯೋಚನೆ ಮಾಡಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಎತ್ತುವಾಗ ಎಲ್ರಿಗೂ ಮೈಯೆಲ್ಲಾ ಕಣ್ಣು, ಸಿಮೆಂಟ್ ಹಾಕಿ ಗಟ್ಟಿ ಆದ್ಮೇಲೆ ಭಯ ಇಲ್ಲ, ಮಧ್ಯದಲ್ಲಿ ಅದು ನಿಂತಿದೆ ಅಂತ ಅನ್ಸುತ್ತಲ್ಲ ಆದ್ರೆ ನಿಜವಾಗ್ಲೂ ನಿಂತಿರಲ್ವಲ್ಲ, ಆ ಹೊತ್ತೇ ಕಾಲು ಮುರಿಯೋದು. ಹಾಗಾಗಿ ಏನೇ ಕೂರ್ಸೋ ಮುಂಚೆ ಎರಡು ಪ್ರಶ್ನೆ ಕೇಳ್ಕೋ. ಇದರ ತೂಕ ಎಷ್ಟು? ಭದ್ರ ಆಗೋ ತನಕ ಇದನ್ನ ಹಿಡ್ಕೊಂಡಿರೋದು ಯಾವುದು?

ತೂಕ ಲೆಕ್ಕ ಹಾಕೋದು ಮೊದಲು ಕಲಿ, ಇದಕ್ಕೆ ಯಾವ ಮೇಸ್ತ್ರಿನೂ ಬೇಕಾಗಿಲ್ಲ. ಉದ್ದ ಅಗಲ ಎತ್ತರ ಮೂರೂ ಒಂದೊಂದು ಅಡಿ ಇರೋ ಕಾಂಕ್ರೀಟ್ ತುಂಡು ಹತ್ತತ್ರ 70 ಕಿಲೋ. ಈಗ 4 ಅಡಿ ಉದ್ದ, 9 ಇಂಚು ಅಗಲ, 6 ಇಂಚು ದಪ್ಪದ ಲಿಂಟಲ್ ತಗೋ. ಅದು ಒಂದೂವರೆ ಘನ ಅಡಿ, ಅಂದ್ರೆ 105 ಕಿಲೋ, ಎರಡು ಮೂಟೆ ಸಿಮೆಂಟ್‌ಗಿಂತ ಜಾಸ್ತಿ. ಅದನ್ನ ಇಬ್ಬರು ತಲೆ ಎತ್ತರಕ್ಕಿಂತ ಮೇಲೆ, ಅಲ್ಲಾಡೋ ಸಾರುವೆ ಮೇಲೆ ನಿಂತು ಎತ್ತೋದು ಅಂದ್ರೆ ಏನು ಅಂತ ನೀನೇ ಹೇಳು. ಲೆಕ್ಕ ಹಾಕ್ದಾಗ "ನಾಲ್ಕು ಜನ ಬೇಕು ಕಾಕಾ, ಇಲ್ಲ ಅಂದ್ರೆ ಚೈನ್ ಪುಲ್ಲಿ ತರ್ಸೋಣ" ಅಂತ ಹೇಳೋಕೆ ನಿನ್ ಹತ್ರ ಒಂದು ನಂಬರ್ ಇರುತ್ತೆ. ಬರೀ "ಭಾರ ಐತಿ" ಅಂದ್ರೆ ನಗ್ತಾರೆ, ನಂಬರ್ ಹೇಳಿದ್ರೆ ಕೇಳ್ತಾರೆ. ಪುಲ್ಲಿ ತಂದ್ರೆ ಅದರ ಮೇಲೆ ಎಷ್ಟು ಟನ್ ಅಂತ ಬರ್ದಿರುತ್ತೆ ನೋಡ್ಕೋ, ಅಳಿಸಿ ಹೋಗಿದ್ರೆ ಅದನ್ನ ಬಳಸಬೇಡ. ಮೇಲೆ ಎತ್ತಿರೋ ಸಾಮಾನಿನ ಕೆಳಗೆ ಯಾರೂ ನಿಲ್ಲಬಾರದು, ಹೇಳೋನು ಒಬ್ಬನೇ ಇರಬೇಕು, ಆದ್ರೆ ನಿಲ್ಲಿಸು ಅಂತ ಯಾರೇ ಕೂಗಿದ್ರೂ ಎಲ್ರೂ ನಿಲ್ಲಿಸಬೇಕು.

ಇನ್ನು ಚೌಕಟ್ಟು. 7 ಅಡಿ ಎತ್ತರ ಮೂರೂವರೆ ಅಡಿ ಅಗಲದ್ದು, 5 ಇಂಚು 3 ಇಂಚಿನ ಸಾಲ್ ಮರದ್ದು ಆದ್ರೆ ಹೊಸ್ತಿಲು ಸೇರಿ 50 ಕಿಲೋ ಹತ್ರ ಬರುತ್ತೆ. ತೂಕ ಜಾಸ್ತಿ ಅಲ್ಲ, ಆದ್ರೆ ಎತ್ತರ ಜಾಸ್ತಿ, ಬುಡ ಬರೀ ಐದು ಇಂಚು, ಅದಕ್ಕೇ ಹಿಂದಕ್ಕೋ ಮುಂದಕ್ಕೋ ವಾಲೋದು. ನಿಲ್ಸೋ ಮುಂಚೆನೇ ನಾಲ್ಕು ಗಳ ಪಕ್ಕದಲ್ಲಿ ರೆಡಿ ಇರಬೇಕು, ಒಳಗಡೆ ಎರಡು ಹೊರಗಡೆ ಎರಡು. ಒಂದೇ ಕಡೆ ಕೊಟ್ರೆ ಅದು ಸಪೋರ್ಟ್ ಅಲ್ಲ, ಇನ್ನೊಂದು ಕಡೆಗೆ ಬೀಳೋಕೆ ದಾರಿ ಅಷ್ಟೆ. ಗಳದ ಬುಡ ನೆಲದಲ್ಲಿ ಜಾರದಂಗೆ ಗೂಟ ಹೊಡಿ, ತುದೀನ ಚೌಕಟ್ಟಿಗೆ ಮೊಳೆ ಹೊಡ್ದು ಕಟ್ಟು, ಬರೀ ಆನಿಸಿ ಬಿಡಬೇಡ. ಇಬ್ಬರು ಹಿಡ್ಕೊಂಡಿರ್ಲಿ, ಮೂರನೇಯವನು ಕಟ್ಲಿ, ನಾಲ್ಕೂ ಕಟ್ಟಿ ಆಗೋ ತನಕ ಹಿಡ್ಕೊಂಡೋರು ಕೈ ಬಿಡಬಾರದು, ಫೋನ್ ಬಂದ್ರೂ ಬಿಡಬಾರದು.

ಆಮೇಲೆ ಮಟ್ಟ. ತೂಗು ಗುಂಡನ್ನ ಎರಡು ಮುಖಕ್ಕೂ ಬಿಟ್ಟು ನೋಡ್ಬೇಕು, ಅಂದ್ರೆ ಎಡಬಲಕ್ಕೂ ಸರಿ ಇರಬೇಕು ಒಳಗೆ ಹೊರಗೂ ಸರಿ ಇರಬೇಕು. ಹೊಸಬರು ಬರೀ ಒಂದು ಕಡೆ ನೋಡ್ತಾರೆ, ಆಮೇಲೆ ಬಾಗಿಲು ತಾನಾಗೇ ತೆಗ್ಯುತ್ತೆ ಇಲ್ಲಾ ತಾನಾಗೇ ಮುಚ್ಚುತ್ತೆ. ಮೂಲೆಯಿಂದ ಮೂಲೆಗೆ ಟೇಪ್ ಹಿಡ್ದು ಎರಡೂ ಕರ್ಣ ಸಮ ಬಂತಾ ನೋಡು. ರಸಮಟ್ಟ ನಂಬೋ ಮುಂಚೆ ಅದನ್ನೇ ಪರೀಕ್ಷೆ ಮಾಡು, ಒಂದು ಸಲ ಇಟ್ಟು ಗುಳ್ಳೆ ನೋಡು, ಅದೇ ಜಾಗದಲ್ಲಿ ತಲೆ ಕೆಳಗೆ ಮಾಡದೆ ಹಿಂದುಮುಂದು ತಿರುಗಿಸಿಟ್ಟು ಮತ್ತೆ ನೋಡು, ಗುಳ್ಳೆ ಅದೇ ಗೆರೆಗೆ ಬಂದ್ರೆ ಮಟ್ಟ ಸರಿ ಇದೆ. ಚೌಕಟ್ಟಿನ ಮಧ್ಯಕ್ಕೆ ಒಂದು ಅಡ್ಡಪಟ್ಟಿ ಮೊಳೆ ಹೊಡ್ದು ಬಿಡು, ಎರಡು ಕಡೆ ಗೋಡೆ ಏರ್ತಾ ಬಂದ್ಹಾಗೆ ಚೌಕಟ್ಟು ಒಳಕ್ಕೆ ಹೊಟ್ಟೆ ಬಿಡುತ್ತೆ, ಆ ಪಟ್ಟಿ ಅದನ್ನ ತಡೆಯುತ್ತೆ. ಹೋಲ್ಡ್ ಫಾಸ್ಟ್, ಅಂದ್ರೆ ಚೌಕಟ್ಟನ್ನ ಗೋಡೆಗೆ ಹಿಡ್ಸೋ ಕಬ್ಬಿಣದ ಪಟ್ಟಿ, ಒಂದೊಂದು ಕಡೆ ಮೂರು, ಅವನ್ನ ಚೂರು ಇಟ್ಟಿಗೆ ತುರುಕಿ ಮುಚ್ಚಬೇಡ, ಜಲ್ಲಿ ಕಾಂಕ್ರೀಟ್ ಹಾಕಿ ತುಂಬು. ಗೋಡೆ ಮೇಲಿನ ಹೋಲ್ಡ್ ಫಾಸ್ಟ್ ದಾಟಿ ಕಾಂಕ್ರೀಟ್ ಗಟ್ಟಿ ಆಗೋ ತನಕ ಗಳ ಬಿಚ್ಚಬೇಡ. ಬೇರೆ ಕಡೆ ಬೇಕು ಅಂತ ಯಾರಾದ್ರೂ ಒಂದು ಗಳ ಎಳ್ಕೊಂಡು ಹೋಗ್ತಾರೆ, ಇದು ಎಲ್ಲಾ ಸೈಟಲ್ಲೂ ಆಗುತ್ತೆ, ಅದಕ್ಕೆ ಸಂಜೆ ಹೋಗೋ ಮುಂಚೆ ಒಂದು ಸುತ್ತು ಹೊಡ್ದು ಎಣಿಸು.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಮುಂಬಾಗಿಲು ಇಡೋ ದಿನ ಪೂಜೆ ಇರುತ್ತೆ, ನಮ್ಮ ಕಡೆ ವಾಸ್ಕಲ್ ಪೂಜೆ ಅಂತೀವಿ. ಅವತ್ತು ಮನೆಯೋರು, ನೆಂಟ್ರು, ಮಕ್ಕಳು ಎಲ್ಲಾ ಬಂದಿರ್ತಾರೆ, ಮುಹೂರ್ತ ಮೀರುತ್ತೆ ಅಂತ ಅವಸರ ಇರುತ್ತೆ, ಚೌಕಟ್ಟು ನಿಲ್ಸಿದ ತಕ್ಷಣ ಅರಿಶಿನ ಕುಂಕುಮ ಹಚ್ಚಿ ಹೂ ಹಾಕಿ ಅದರ ಕೆಳಗೇ ನಿಂತು ಫೋಟೋ ತೆಗೆಸ್ಕೊಳ್ತಾರೆ, ಚಿಕ್ಕ ಮಕ್ಕಳು ಒಳಗೆ ಹೊರಗೆ ಓಡಾಡ್ತವೆ. ಗಳ ಅಡ್ಡ ಬರುತ್ತೆ ಫೋಟೋದಲ್ಲಿ, ಐದು ನಿಮಿಷ ತೆಗೀರಿ ಅಂತನೂ ಕೇಳ್ತಾರೆ. ತೆಗೀಬೇಡ. ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆನೇ ಹೊಸ್ತಿಲು ಕೂರೋ ಜಾಗ ಮಟ್ಟ ಮಾಡಿ, ಗಳ ಗೂಟ ರೆಡಿ ಮಾಡಿ ಇಟ್ಕೊಂಡ್ರೆ ಮುಹೂರ್ತನೂ ತಪ್ಪಲ್ಲ. ಮಗು ಇರೋ ಮನೆಗೆ ಬಾಗಿಲು ಇಡ್ತಾ ಇದೀವಿ, ಆ ಮಗುನೇ ಅದರ ಕೆಳಗೆ ಸಿಕ್ಕೋಬಾರದು, ಅಷ್ಟೇ ನನ್ನ ಆಸೆ.

ಲಿಂಟಲ್ ಬಗ್ಗೆ ಇನ್ನೆರಡು ಮಾತು. ಕೆಳಗೇ ಎರಕ ಹೊಯ್ದು ಆಮೇಲೆ ಎತ್ತಿಡೋ ಲಿಂಟಲ್‌ನಲ್ಲಿ ಮುಖ್ಯ ಕಬ್ಬಿಣ ಕೆಳಭಾಗದಲ್ಲಿ ಇರಬೇಕು. ಎರಕ ಆದ ದಿನವೇ ಮೇಲ್ಭಾಗಕ್ಕೆ ಬಣ್ಣದಲ್ಲಿ ಗುರುತು ಹಾಕು, ಒಣಗಿದ ಮೇಲೆ ಎರಡು ಕಡೆನೂ ಒಂದೇ ತರ ಕಾಣುತ್ತೆ, ತಲೆಕೆಳಗಾಗಿ ಇಟ್ರೆ ಮೇಲಿನ ಗೋಡೆ ಭಾರಕ್ಕೆ ಬಿರುಕು ಬಿಡುತ್ತೆ. ಎರಡು ಕಡೆನೂ ಗೋಡೆ ಮೇಲೆ 6 ಇಂಚು ಕೂರಬೇಕು. ನಿನ್ನೆ ತಾನೇ ಕಟ್ಟಿದ ಹಸಿ ಗೋಡೆ ಮೇಲೆ ಭಾರ ಇಡಬೇಡ. ಕಡಪ ಕಲ್ಲಿನ ಶೆಲ್ಫ್‌ಗೂ ಇದೇ ಮಾತು, ಮೊದಲು ಕೆಳಗೆ ಸಪೋರ್ಟ್, ಆಮೇಲೆ ಕಲ್ಲು.

ಮತ್ತೆ ಚಪ್ಪಲಿ ಹಾಕ್ಕೊಂಡು ಈ ಕೆಲ್ಸ ಮಾಡಬೇಡಪ್ಪಾ. ಮುಂಭಾಗ ಗಟ್ಟಿ ಇರೋ ಶೂ ತಗೋ, ಮೊದಲ ದುಡ್ಡಿನ ಖರ್ಚು ಅದೇ ಆಗ್ಲಿ.

ಪ್ರಶ್ನೆ: ನಮ್ಮ ಮನೆ ಅಂಗಳಕ್ಕೆ ಮಳೆಗಾಲಕ್ಕೆ ಮುಂಚೆ ಶೀಟ್ ಹಾಕ್ಬೇಕು. ಕಬ್ಬಿಣದ ಫ್ರೇಮ್ ವೆಲ್ಡಿಂಗಿನವರು ಮಾಡಿ ಕೊಟ್ಟಿದ್ದಾರೆ, ಶೀಟ್ ನಾನು ಮತ್ತು ತಮ್ಮ ಹಾಕುವಾ ಅಂತ. ಹಳೆ ಸಿಮೆಂಟ್ ಶೀಟ್ ಸ್ವಲ್ಪ ಉಂಟು, ಅದನ್ನೂ ಬಳಸ್ಬಹುದಾ? (ಬಂಟ್ವಾಳ ಕಡೆಯ ಓದುಗರು)

ಉತ್ತರ: ಮೇಲೆ ಹತ್ತಿ ಅಭ್ಯಾಸ ಇಲ್ಲ ಅಂದ್ರೆ ಮಾಡೋರಿಗೇ ಕೊಡಿ, ನೀವು ಕೆಳಗಿಂದ ಶೀಟ್ ಕೊಡಿ. ಇಲ್ಲ ನಾವೇ ಮಾಡ್ತೀವಿ ಅನ್ನೋದಾದ್ರೆ, ಹಳೆ ಸಿಮೆಂಟ್ ಶೀಟ್ ಬೇಡವೇ ಬೇಡ. ನೋಡೋಕೆ ಗಟ್ಟಿ ಕಾಣುತ್ತೆ, ಕಾಲಿಟ್ರೆ ಸದ್ದೇ ಇಲ್ದೆ ಒಡೆದು ಒಳಗೆ ಬೀಳ್ತೀರಿ, ಬಿರುಕು ಪಾಚಿ ಕೆಳಗೆ ಮುಚ್ಚಿರುತ್ತೆ. ಮೇಲಾಗಿ ಹಳೇದ್ರಲ್ಲಿ ಕಲ್ನಾರು ಇರುತ್ತೆ, ಗ್ರೈಂಡರ್ ಹಾಕಿ ಕೊಯ್ದ್ರೆ ಆ ಧೂಳು ಶ್ವಾಸಕೋಶಕ್ಕೆ ಹೋಗಿ ಎಷ್ಟೋ ವರ್ಷ ಆದ್ಮೇಲೆ ಕಾಯಿಲೆ ಆಗಿ ಬರುತ್ತೆ. ತೆಗೀಲೇಬೇಕಾದ್ರೆ ನೀರು ಹಾಕಿ ನೆನೆಸಿ, ಮಾಸ್ಕ್ ಹಾಕ್ಕೊಂಡು, ಒಡೀದೆ ಇಡೀ ಶೀಟ್ ಇಳಿಸಿ.

ಹೊಸ ತಗಡಿನ ಶೀಟ್ ಆದ್ರೂ ಬರೀ ಶೀಟ್ ಮೇಲೆ ಕಾಲಿಡಬೇಡಿ, ಕಬ್ಬಿಣದ ಪರ್ಲಿನ್ (ಶೀಟ್ ಕೆಳಗೆ ಅದನ್ನ ಹೊರೋ ಅಡ್ಡ ಪಟ್ಟಿ) ಎಲ್ಲಿದೆ ಅಂತ ಸ್ಕ್ರೂ ಸಾಲು ನೋಡಿ ತಿಳ್ಕೊಂಡು, ಎರಡು ಪರ್ಲಿನ್‌ಗೆ ಅಡ್ಡ ಹಲಗೆ ಹಾಕಿ ಅದರ ಮೇಲೆ ನಡೀರಿ. ನಿಮ್ಮ ಕಡೆ ಮಳೆಗಾಳಿ ನೈಋತ್ಯದಿಂದ ಬರೋದು, ಹಾಗಾಗಿ ಜೋಡಣೆ ಬಾಯಿ ಆ ಕಡೆಗೆ ತೆರೆದಿರಬಾರದು, ಗಾಳಿ ಬರೋ ಕಡೆಯಿಂದಲ್ಲ, ಅದರ ಆಚೆ ತುದಿಯಿಂದ ಮೊದಲನೇ ಶೀಟ್ ಹಾಕ್ತಾ ಬನ್ನಿ. ಮೇಲಿನ ಶೀಟ್ ಕೆಳಗಿನದ್ರ ಮೇಲೆ ಕನಿಷ್ಠ 6 ಇಂಚು ಕೂರಬೇಕು. ರಬ್ಬರ್ ವಾಷರ್ ಇರೋ ಸ್ಕ್ರೂನೇ ಹಾಕಿ.

ಇಲ್ಲೂ ಅದೇ ಮಾತು ಬರುತ್ತೆ: ಶೀಟ್ ಇಟ್ಟ ಮೇಲೆ ಸ್ಕ್ರೂ ಬೀಳೋ ತನಕ ಅದು ಗಾಳಿಪಟ. ಹತ್ತು ಶೀಟ್ ಒಟ್ಟಿಗೆ ಮೇಲೆ ಹರವಿ ಆಮೇಲೆ ಸ್ಕ್ರೂ ಹೊಡೆಯೋಣ ಅಂತ ಹೋಗಬೇಡಿ, ಒಂದು ಇಡಿ, ನಾಲ್ಕು ಮೂಲೆ ಭದ್ರ ಮಾಡಿ, ಆಮೇಲೆ ಇನ್ನೊಂದು ಕೇಳಿ. ಮಧ್ಯಾಹ್ನ ಗಾಳಿ ಎದ್ರೆ ನಿಲ್ಲಿಸಿ, ಬೆಳಿಗ್ಗೆ ಬೇಗ ಶುರು ಮಾಡಿ, ಆದ್ರೆ ಇಬ್ಬನಿ ಒಣಗಿದ ಮೇಲೆ. ಏಣಿ ಇಡುವಾಗ 12 ಅಡಿ ಎತ್ತರಕ್ಕೆ ಬುಡ 3 ಅಡಿ ಆಚೆ ಇರ್ಲಿ, ತುದಿ ಮಾಡಿಗಿಂತ 3 ಅಡಿ ಮೇಲೆ ಚಾಚಿರ್ಲಿ, ಕಟ್ಟಿರ್ಲಿ. ಅಂಗಳದ ಮೇಲೆ ಕರೆಂಟ್ ತಂತಿ ಹೋಗಿದ್ರೆ ಮೊದಲು ಮೆಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿ, ಉದ್ದ ಶೀಟ್ ಕೈಯಲ್ಲಿ ಹಿಡಿದು ತಿರುಗಿದಾಗ ಇನ್ನೊಂದು ತುದಿ ಎಲ್ಲಿ ಹೋಗುತ್ತೆ ಅಂತ ನಿಮಗೆ ಕಾಣಲ್ಲ.

ಪ್ರಶ್ನೆ: ಬೆಂಗಳೂರಲ್ಲಿ ಮನೆ ಕಟ್ಟಿಸ್ತಿದ್ದೀವಿ, ಎರಡನೇ ಫ್ಲೋರ್‌ಗೆ ಯುಪಿವಿಸಿ ಕಿಟಕಿ ಹಾಕೋಕೆ ಬಂದಿರೋ ಹುಡುಗರು ಸಜ್ಜಾ ಮೇಲೆ ಸುಮ್ನೆ ನಿಂತು ಕೆಲಸ ಮಾಡ್ತಿದ್ದಾರೆ. ನನಗೆ ನೋಡೋಕೇ ಆಗ್ತಿಲ್ಲ. ಮನೆ ಓನರ್ ಆಗಿ ನಾನು ಏನು ಕೇಳಬಹುದು? (ಓದುಗರು, ಬೆಂಗಳೂರು)

ಉತ್ತರ: ನಿಲ್ಲಿಸಿ ಅಂತ ಕೇಳಬಹುದು ಮೇಡಂ, ನಿಮ್ಮ ಮನೆ ಅದು. ಫುಲ್ ಬಾಡಿ ಹಾರ್ನೆಸ್ ಹಾಕ್ಕೊಳ್ಳದೆ ಹೊರಗೆ ಕಾಲಿಡಬಾರದು ಅಂತ ಕಾಂಟ್ರಾಕ್ಟರ್‌ಗೆ ಹೇಳಿ, ಮತ್ತೆ ಆ ಹಗ್ಗದ ಕೊಕ್ಕೆ ಎಲ್ಲಿ ಕಟ್ಟಿದ್ದಾರೆ ಅಂತ ನೋಡಿ. ಕಿಟಕಿ ಫ್ರೇಮ್‌ಗೇ ಕಟ್ಟಿರ್ತಾರೆ ಎಷ್ಟೋ ಸಲ, ಅದೇ ಇನ್ನೂ ಕೂತಿರಲ್ಲ. ಒಳಗಡೆ ಕಾಂಕ್ರೀಟ್ ಕಂಬಕ್ಕೆ ಸುತ್ತಿ ಕಟ್ಟಬೇಕು. ಸಾಧ್ಯ ಇರೋ ಕೆಲ್ಸ ಎಲ್ಲಾ ಒಳಗಿಂದ್ಲೇ ಮಾಡ್ಲಿ.

ಗ್ಲಾಸ್ ತೂಕ ಸುಲಭ ಲೆಕ್ಕ: ಒಂದು ಚದರ ಮೀಟರ್‌ಗೆ, ಒಂದೊಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. 4 ಅಡಿಗೆ 4 ಅಡಿ, 5 ಎಂಎಂ ಗ್ಲಾಸ್ ಅಂದ್ರೆ 18 ಕಿಲೋ ಮೇಲೆ, ಡಬಲ್ ಗ್ಲಾಸ್ ಆದ್ರೆ ಅದರ ಎರಡರಷ್ಟು, ಗಾಳಿ ಬೇರೆ ತಳ್ಳುತ್ತೆ. ಇಬ್ಬರು ಬೇಕು, ಗಾಜಿಗೆ ಕೈ ಕೊಯ್ಯದಂಥ ಗ್ಲೌಸ್ ಬೇಕು. ಫ್ರೇಮ್ ಸುತ್ತ ಹೊಡೆಯೋ ಫೋಮ್ ಸಂದು ಮುಚ್ಚೋಕೆ, ಅದು ಫ್ರೇಮ್ ಹಿಡ್ಕೊಳಲ್ಲ. ಹಿಡ್ಕೊಳ್ಳೋದು ಸ್ಕ್ರೂ. ನಿಮ್ಮದು ಹಾಲೋ ಬ್ಲಾಕ್ ಇಲ್ಲಾ ಎಎಸಿ ಬ್ಲಾಕ್ (ಒಳಗೆ ಗಾಳಿ ಗುಳ್ಳೆ ಇರೋ ಹಗುರ ಬ್ಲಾಕ್) ಗೋಡೆ ಆಗಿದ್ರೆ ಮಾಮೂಲಿ ಆಂಕರ್, ಅಂದ್ರೆ ಗೋಡೆ ತೂತಲ್ಲಿ ಕಚ್ಚಿ ಹಿಡಿಯೋ ತುಂಡು, ಸರಿಯಾಗಿ ಕಚ್ಚಲ್ಲ, ಆ ಬ್ಲಾಕ್‌ಗೆ ಅಂತಲೇ ಇರೋದನ್ನ ಹಾಕಿದ್ದಾರಾ ಕೇಳಿ, ತೂತಿನ ಧೂಳು ಊದಿ ತೆಗೆದ್ರಾ ಅಂತನೂ ನೋಡಿ. ಕೆಳಗೆ ಜನ ಓಡಾಡೋ ಜಾಗಕ್ಕೆ ಹಗ್ಗ ಕಟ್ಟಿಸಿ. ಡ್ರಿಲ್ಲಿಂಗ್ ಮೆಷಿನ್‌ಗೆ ಕೊಡೋ ಲೈನ್‌ನಲ್ಲಿ 30 ಮಿಲಿ ಆಂಪ್ ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಆಫ್ ಮಾಡೋ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಕೇಳ್ಕೊಳ್ಳಿ.

ಪ್ರಶ್ನೆ: ನಾನು ಹತ್ತು ವರ್ಷದಿಂದ ಗಾರೆ ಕೆಲ್ಸದಲ್ಲಿ ಹೆಣ್ಣಾಳು. ಎಲ್ಲಾ ನೋಡಿ ಕಲ್ತಿದೀನಿ, ಆದ್ರೆ ಕರಣೆ ಕೈಗೆ ಕೊಡಲ್ಲ. ಹೆಂಗಸ್ರಿಗೆ ಈ ಫಿಟ್ಟಿಂಗ್ ಕೆಲ್ಸ ಕಲಿಯೋಕೆ ದಾರಿ ಇದೆಯಾ ಅಣ್ಣ? (ಚಳ್ಳಕೆರೆ)

ಉತ್ತರ: ಇದೆ ತಾಯಿ. ಮಟ್ಟ ನೋಡೋಕೆ, ಟ್ಯೂಬ್ ಲೆವೆಲ್ (ನೀರು ತುಂಬಿದ ಪೈಪಲ್ಲಿ ಮಟ್ಟ ನೋಡೋದು) ಹಿಡಿಯೋಕೆ, 3-4-5 ಹಾಕಿ ಮೂಲೆ ತೆಗೆಯೋಕೆ ತೋಳಿನ ಬಲ ಬೇಡ, ಕಣ್ಣು ಬೇಕು, ಅದು ಹತ್ತು ವರ್ಷ ನೋಡಿದೋರಿಗೆ ಬಂದಿರುತ್ತೆ. ಅಲ್ಲಿಂದ ಶುರು ಮಾಡಿ. ಮೂಲೆಯಿಂದ ಒಂದು ಗೋಡೆಗೆ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತು ಹಾಕಿ, ಮಧ್ಯೆ ಅಡ್ಡಕ್ಕೆ ಸರಿಯಾಗಿ 5 ಅಡಿ ಬಂದ್ರೆ ಮೂಲೆ ನೇರ. ಟ್ಯೂಬ್‌ನಲ್ಲಿ ಗಾಳಿ ಗುಳ್ಳೆ ಇಲ್ದಂಗೆ ನೀರು ತುಂಬಬೇಕು, ಎರಡೂ ಬಾಯಿ ತೆರೆದಿರಬೇಕು, ಅಷ್ಟು ಗೊತ್ತಿದ್ರೆ ಮೇಸ್ತ್ರಿನೇ ನಿಮ್ಮನ್ನ ಕರೀತಾನೆ.

ಕೆಲ್ಸ ಗೊತ್ತಿದ್ದು ಸರ್ಟಿಫಿಕೇಟ್ ಇಲ್ದೋರಿಗೆ ಆರ್‌ಪಿಎಲ್ (ರೆಕಗ್ನಿಷನ್ ಆಫ್ ಪ್ರಯರ್ ಲರ್ನಿಂಗ್) ಅಂತ ಸರ್ಕಾರದ ವ್ಯವಸ್ಥೆ ಇದೆ, ಬಂದಿರೋ ಕೆಲ್ಸ ಪರೀಕ್ಷೆ ಮಾಡಿ ಪತ್ರ ಕೊಡ್ತಾರೆ, ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ ವಸತಿ ಕೊಟ್ಟು ಉಚಿತವಾಗಿ ಸ್ವ-ಉದ್ಯೋಗ ತರಬೇತಿ ಕೊಡುತ್ತೆ, ಆ ಮಾದರಿಯ ತರಬೇತಿ ಕೇಂದ್ರಗಳು ಈಗ ಜಿಲ್ಲೆಗಳಲ್ಲೂ ಇವೆ, ಯಾವ ಕೋರ್ಸ್ ನಡೀತಿದೆ ಅಂತ ಕೇಳಿ. ಮನೇಲಿ ಎಂಟನೇ ಕ್ಲಾಸ್ ಪಾಸಾದ ಮಕ್ಕಳಿದ್ರೆ ಐಟಿಐನಲ್ಲಿ ವೆಲ್ಡರ್, ಕಾರ್ಪೆಂಟರ್ ತರದ ಒಂದು ವರ್ಷದ ಟ್ರೇಡ್‌ಗಳೂ ಇವೆ.

ಕಟ್ಟಡ ಕಾರ್ಮಿಕರ ಮಂಡಳಿ ಕಾರ್ಡ್ ಮಾಡಿಸಿದೀರಾ? 18ರಿಂದ 60 ವಯಸ್ಸಿನೋರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲ್ಸ ಮಾಡಿದ್ರೆ ಸಿಗುತ್ತೆ. ಹೆಣ್ಣಾಳು ಅಂತ ಬೇರೆ ಇಲ್ಲ ಅಲ್ಲಿ, ನೀವೂ ಕಟ್ಟಡ ಕಾರ್ಮಿಕರೇ. ಆ 90 ದಿನಕ್ಕೆ ದೃಢೀಕರಣ ಕೇಳ್ತಾರೆ, ಕೆಲ್ಸ ಮುಗಿದ ಮೇಲೆ ಕಾಂಟ್ರಾಕ್ಟರ್ ಹುಡುಕೋದು ಕಷ್ಟ, ಅದಕ್ಕೆ ಯಾವ ದಿನ ಯಾವ ಸೈಟು ಯಾರ ಹತ್ರ ಅಂತ ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ಇವತ್ತಿಂದಲೇ ಬರೆಸಿಡಿ, ಬರೆಯೋಕೆ ಬರಲ್ಲ ಅಂದ್ರೆ ಮಕ್ಕಳ ಕೈಲಿ ದಿನಾ ರಾತ್ರಿ ಒಂದು ಸಾಲು ಬರೆಸಿ.